ಹಾಲು ಉಕ್ಕುವಷ್ಟು ಹೊತ್ತು

ಗುರುವಾರ, 9 ಜುಲೈ 1998

ಈ ಡೈರಿ ಗೊಬ್ಬರದ ಕಂಪನಿಯವರು ಅಂಗಡಿಗೆ ಕೊಟ್ಟದ್ದು. ಹಾಲಿನವನ ಲೆಕ್ಕ ಬರೆದಿಡು ಎಂದು ಇವರು ಜನವರಿಯಲ್ಲಿ ನನ್ನ ಕೈಗೆ ಹಾಕಿದ್ದರು. ಹಾಲಿನ ಲೆಕ್ಕ ನನ್ನ ತಲೆಯಲ್ಲೇ ಇರುತ್ತದೆ, ಹಾಗಾಗಿ ಡೈರಿ ಖಾಲಿ ಬಿದ್ದಿತ್ತು. ಇಂದು ಬರೆಯುತ್ತಿದ್ದೇನೆ, ಏಕೆಂದರೆ ಬೆಳಿಗ್ಗೆ ನೋಡಿದ್ದನ್ನು ಯಾರ ಮುಂದೆಯೂ ಹೇಳುವಂತಿಲ್ಲ.

ಇವರು ದೇವರ ಕೋಣೆಯಲ್ಲಿ ಪೂಜೆಗೆ ಕೂತಿದ್ದರು. ನಾನು ಒಲೆಯ ಮೇಲೆ ಹಾಲು ಇಟ್ಟು, ಅಡುಗೆಮನೆಯ ಬಾಗಿಲಿನಿಂದ ಸುಮ್ಮನೆ ಆ ಕಡೆ ನೋಡಿದೆ. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು, ಕಣ್ಣಿನ ಮಟ್ಟಕ್ಕೆ ಎತ್ತಿ, ರೆಪ್ಪೆ ಬಡಿಯದೆ ನೋಡುತ್ತಿದ್ದರು. ಮದುವೆಯಾದಾಗಿನಿಂದ ದಿನವೂ ಕಾಣುವ ದೃಶ್ಯವೇ. ನಾನು ನೋಡುತ್ತಿದ್ದಂತೆಯೇ ಆ ಕೈ ಮೆಲ್ಲಗೆ ಇಳಿಯಿತು, ಬೆರಳುಗಳು ಬಿಚ್ಚಿಕೊಂಡವು, ಲಿಂಗ ಜಾರಿ ಮಣೆಗೆ ಬಡಿದು ನೆಲಕ್ಕೆ ಬಿತ್ತು.

ನೆಲಕ್ಕೆ ಬಿತ್ತು ಎಂದು ಬರೆದು ಬಾಗಿಲ ಕಡೆ ಒಮ್ಮೆ ನೋಡಿಕೊಂಡೆ. ದೀಕ್ಷೆಯ ದಿನ ಕೊರಳಿಗೆ ಕಟ್ಟಿದ್ದು ಪ್ರಾಣ ಇರುವತನಕ ಮೈಬಿಟ್ಟು ಹೋಗಬಾರದು, ನೆಲ ಮುಟ್ಟಬಾರದು ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಲಿಂಗ ಬೀಳಿಸಿಕೊಂಡವರ ಮನೆಯಲ್ಲಿ ನೀರು ಕುಡಿಯಬಾರದು ಎನ್ನುತ್ತಿದ್ದ ಮುದುಕರನ್ನು ನಾನೇ ಕಂಡಿದ್ದೇನೆ. ಇವರು ಆ ಮುದುಕರಿಗಿಂತ ಒಂದು ಕೈ ಹೆಚ್ಚು.

ಬಲಗೈಯಿಂದ ಗಬಕ್ಕನೆ ಎತ್ತಿಕೊಂಡು ಕಣ್ಣಿಗೊತ್ತಿಕೊಂಡರು. ಎಡಗೈ ಮಾತ್ರ ತೊಡೆಯ ಮೇಲೆ ಬಿದ್ದಿತ್ತು, ಬೇರೆ ಯಾರದೋ ಕೈ ಎನ್ನುವ ಹಾಗೆ. ಅದನ್ನು ತಿಕ್ಕಿದರು, ಚಿವುಟಿದರು. ನಾನು ಓಡಿ ಹೋಗಬೇಕಿತ್ತು. ಆದರೆ ನಾನು ನೋಡಿದೆ ಎನ್ನುವುದು ಗೊತ್ತಾದರೆ ಇವರು ತಲೆ ಎತ್ತಲಾರರು ಎಂದು ಬಾಗಿಲ ಹಿಂದೆ ಸರಿದು ಕದ್ದು ನೋಡಿದೆ. ಅಷ್ಟರಲ್ಲಿ ಹಾಲು ಉಕ್ಕಿ ಬಂತು, ಇಳಿಸಲು ಓಡಿದೆ. ತಿರುಗಿ ಬಂದಾಗ ಬೆರಳು ಆಡಿಸುತ್ತಿದ್ದರು.

ಆಮೇಲೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಎಂದು ಗೊಣಗಿ ಅಂಗಡಿಗೆ ಹೋದರು. ಉಪ್ಪು ಸರಿಯಾಗಿಯೇ ಇತ್ತು.

ಸೋಮವಾರ, 13 ಜುಲೈ

ಇವರು ಹರ್ನಿಯಾ ಆಪರೇಷನ್ನನ್ನು ಒಂದು ವರ್ಷದಿಂದ ಮುಂದೂಡುತ್ತಾ ಬಂದಿದ್ದರು. ಅದಕ್ಕೆ ಮುಂಚೆ ಮೈ ಪರೀಕ್ಷೆ ಮಾಡಿಸಿ ಬನ್ನಿ ಎಂದು ಅದನ್ನು ಮಾಡುವ ಸರ್ಜನ್ ಹೇಳಿದ್ದಕ್ಕೆ ಇಂದು ಡಾಕ್ಟರ್ ಮಂಜುನಾಥರ ಆಸ್ಪತ್ರೆಗೆ ಹೋಗಿದ್ದೆವು. ಚೀಟಿ ಬರೆಯುವ ಹುಡುಗಿ "ಪೇಷಂಟ್ ಹೆಸರೇನ್ರಿ ಅಮ್ಮಾ?" ಎಂದು ಕೇಳಿದಳು. ಇವರು ಪೇಪರ್ ತರಲು ಹೋಗಿದ್ದರು. ಗಂಡನ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ, ನಮ್ಮ ಅವ್ವನ ಬಾಯಲ್ಲೂ ಬರಲಿಲ್ಲ. "ಬರ್ತಾರೆ ತಡಿಯವ್ವ" ಎಂದು ನಿಂತೆ. ಹಿಂದೆ ನಿಂತವರು ಗೊಣಗತೊಡಗಿದರು. ಇವರು ಬಂದು, "ವಾಮದೇವಪ್ಪ ಅಂತ ಬರ್ಕಳವ್ವ. ಇವಳು ಹೇಳಿದ್ರೆ ನನ್ನ ಆಯುಸ್ಸು ಕಮ್ಮಿ ಆಗ್ತೈತಂತೆ" ಎಂದು ಎಲ್ಲರೂ ನಗುವಂತೆ ಮಾಡಿದರು. ನಗಲಿ. ನನಗೆ ಆ ನಂಬಿಕೆ ಇದೆ.

ಮಂಜುನಾಥರು ಆನಗೋಡಿನ ಕಡೆಯವರು, ಇನ್ನೂ ನಲವತ್ತರೊಳಗಿನ ಮನುಷ್ಯ, ಮನೆಯವರ ಹಾಗೆ ಮಾತಾಡುತ್ತಾರೆ. ಎದೆ ನೋಡಿದರು, ಬೆನ್ನು ನೋಡಿದರು, ಆಮೇಲೆ ಸ್ಟೆತಾಸ್ಕೋಪನ್ನು ಇವರ ಕುತ್ತಿಗೆಯ ಬಲಗಡೆ ಇಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ.

"ಇಲ್ಲಿ ಸುಯ್ ಸುಯ್ ಅಂತ ಸದ್ದು ಬರ್ತೈತೆ ಯಜಮಾನ್ರೇ. ಹರ್ನಿಯಾ ಸದ್ಯಕ್ಕೆ ಬ್ಯಾಡ. ಕುತ್ತಿಗೇದು ಒಂದು ಸ್ಕ್ಯಾನ್ ಮಾಡಿಸ್ರಿ."

ಹರ್ನಿಯಾ ತಪ್ಪಿತಲ್ಲ ಎಂದು ಇವರಿಗೆ ಖುಷಿ. ದಾರಿಯುದ್ದಕ್ಕೂ ಶಿಳ್ಳೆ ಹಾಕಿಕೊಂಡು ಬಂದರು.

ಗುರುವಾರ, 16 ಜುಲೈ

ಇವತ್ತಿನದನ್ನು ಬರೆಯದಿದ್ದರೆ ನಾನು ಉಣ್ಣಲಾರೆ.

ಸ್ಕ್ಯಾನಿನ ಫೋಟೋ ಹಿಡಿದುಕೊಂಡು ಡಾಕ್ಟರು ವಿವರಿಸಿದರು. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಕುತ್ತಿಗೆಯ ಎರಡೂ ಕಡೆ ಇದೆ. ಇವರ ಬಲಗಡೆಯದು ಮುಕ್ಕಾಲಿಗಿಂತ ಹೆಚ್ಚು ಕಟ್ಟಿಕೊಂಡಿದೆ. ಎಡಗಡೆಯದು ಚೆನ್ನಾಗಿದೆ. ಬಲಗಡೆ ಕಟ್ಟಿದ ಜಾಗದಿಂದ ಚೂರು ಎದ್ದು ಮೇಲೆ ಹೋದರೆ ಎಡಗೈ ಎಡಗಾಲಿಗೆ ಲಕ್ವ ಹೊಡೆಯುತ್ತದೆ. ಎಡಗೈ ಎನ್ನುವ ಮಾತು ಕಿವಿಗೆ ಬಿದ್ದಾಗ ನಾನು ಇವರ ಎಡಗೈ ನೋಡಿದೆ.

"ಈಗ ನಾ ಕೇಳೋದಕ್ಕೆ ಯೋಚನೆ ಮಾಡಿ ಉತ್ತರ ಕೊಡ್ರಿ" ಎಂದರು ಡಾಕ್ಟರು. "ಒಂದು ಕಣ್ಣಿಗೆ ಪರದೆ ಬಿದ್ದಂಗೆ ಕತ್ತಲಾಗಿತ್ತೇನು? ಎಡಗೈನೋ ಕಾಲೋ ಸ್ವಲ್ಪ ಹೊತ್ತು ಸ್ವಾಧೀನ ತಪ್ಪಿತ್ತೇನು? ಮಾತು ತೊದಲಿತ್ತೇನು? ಆಮೇಲೆ ಪೂರ್ತಿ ಸರಿ ಹೋಗಿದ್ರೂ ಅದು ಲೆಕ್ಕಕ್ಕೈತೆ."

"ಅಂಥಾದ್ದೇನೂ ಇಲ್ರಿ" ಎಂದರು ಇವರು. ಒಂದು ಚೂರೂ ತಡವರಿಸಲಿಲ್ಲ.

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕೂತೆ.

"ಹಂಗಾದ್ರೆ ಗುಳಿಗೆ ಸಾಕು. ಯಾವ ಸೂಚನೆನೂ ಬರದ ಇಂಥ ನೂರು ಜನರಾಗೆ ವರ್ಷಕ್ಕೆ ಇಬ್ಬರಿಗೆ ಲಕ್ವ ಹೊಡೀತೈತೆ. ಕುತ್ತಿಗೆ ಕೊಯ್ದು ನಾಳದ ಒಳಗಿನ ಕಸ ತೆಗೆಯೋ ಆಪರೇಷನ್ ಐತೆ, ಬೆಂಗಳೂರಾಗೆ ಮಾಡ್ತಾರೆ. ಆದ್ರೆ ಆ ಮೇಜಿನ ಮೇಲೆನೇ ನೂರಕ್ಕೆ ಐದಾರು ಜನರಿಗೆ ಲಕ್ವನೋ ಸಾವೋ ಆಗಬಹುದು. ನಿಮಗೆ ಬಿಪಿ ಐತೆ, ಸಕ್ಕರೆ ಐತೆ. ಇಬ್ಬರ ಅಪಾಯ ತಪ್ಪಿಸಾಕೆ ಐದಾರು ಜನರ ಅಪಾಯಕ್ಕೆ ನಿಮ್ಮನ್ನ ನೂಕೋದು ಸರಿಯಲ್ಲ."

"ಸೂಚನೆ ಬಂದಿದ್ರೆ?" ಎಂದು ಯಾರೋ ಕೇಳಿದರು. ನೋಡಿದರೆ ನಾನೇ.

ಇಬ್ಬರೂ ನನ್ನ ಕಡೆ ತಿರುಗಿದರು. "ಬಂದಿದ್ರೆ ಲೆಕ್ಕ ಪೂರ್ತಿ ತಿರುಗ್ತೈತೆ ಅಮ್ಮಾ. ಒಂದು ಸಾರಿ ಸೂಚನೆ ಬಂದ ನೂರು ಜನ ಬರೀ ಗುಳಿಗೆ ಮೇಲೆ ಇದ್ರೆ, ಎರಡು ವರ್ಷದಾಗೆ ಇಪ್ಪತ್ತಾರು ಜನರಿಗೆ ಹೊಡೀತೈತೆ. ಅದ್ರಾಗೂ ಮೊದಲಿನ ತಿಂಗಳುಗಳೇ ಕೆಟ್ಟವು. ಆಪರೇಷನ್ ಮಾಡಿಸಿದ್ರೆ, ಮೇಜಿನ ಮೇಲಿನದೂ ಸೇರಿ ಒಂಬತ್ತು. ಅಂಥವರಿಗೆ ನಾನೇ ಮುಂದೆ ನಿಂತು ಮಾಡಿಸ್ರಿ ಅಂತೀನಿ. ಅದಕ್ಕೇ ಅಷ್ಟು ಒತ್ತಿ ಕೇಳಿದ್ದು."

ಇವರು ನನ್ನನ್ನು ನೋಡುತ್ತಲೇ ಇದ್ದರು. ನಾನು ಸೆರಗು ಸರಿಮಾಡಿಕೊಂಡೆ.

ಆಟೋದಲ್ಲಿ ನಗುತ್ತಾ ಹೇಳಿದರು: "ನೂರಕ್ಕೆ ಇಬ್ಬರಂತೆ. ನಮ್ಮ ಯಾರ್ಡಿನ ಜೋಳದಾಗೆ ಅದಕ್ಕಿಂತ ಜಾಸ್ತಿ ಕಲ್ಲಿರ್ತವೆ." ಎ.ಪಿ.ಎಂ.ಸಿ. ಯಾರ್ಡಿನಲ್ಲಿ ದಲಾಲಿ ಅಂಗಡಿ ಇಟ್ಟವರಿಗೆ ಎಲ್ಲವೂ ಕಾಳಿನ ಲೆಕ್ಕವೇ. ನೀವು ಆ ಇಬ್ಬರ ಗುಂಪಿನವರಲ್ಲ, ಇಪ್ಪತ್ತಾರರ ಗುಂಪಿನವರು ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ನನ್ನ ಮಾತಿನಿಂದಲೇ ಇವರ ಕುತ್ತಿಗೆಗೆ ಕತ್ತಿ ಬೀಳುತ್ತದೆ. ಆ ಐದಾರು ಜನರಲ್ಲಿ ಇವರೂ ಒಬ್ಬರಾದರೆ? ಬಾಯಿ ಮುಚ್ಚಿದೆ. ನನಗೆ ಬಹಳ ಭಯವಾಗಿದೆ.

ಶುಕ್ರವಾರ, 17 ಜುಲೈ

ಇಂದು ಪೂಜೆಗೆ ಕೂರುವಾಗ ದೇವರ ಕೋಣೆಯ ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿಕೊಂಡರು. ಕೇಳಿದರೆ ಒಗ್ಗರಣೆಯ ಹೊಗೆ ಬರುತ್ತದಂತೆ. ಇಷ್ಟು ವರ್ಷ ಬಾರದ ಹೊಗೆ. ನಾನು ಒಲೆ ಆರಿಸಿ ಬಾಗಿಲಿಗೆ ಕಿವಿಯಿಟ್ಟು ನಿಂತೆ. ಮಂತ್ರ ಕೇಳುತ್ತಿತ್ತು. ಅದು ಕೇಳುವತನಕ ಎಲ್ಲ ಸರಿಯಿದೆ ಎಂದುಕೊಂಡೆ.

ಗುರುವಾರ, 23 ಜುಲೈ

ಮೊನ್ನೆ ಹರಿಹರದಿಂದ ಮಗಳು ಆಶಾರಾಣಿ ಫೋನ್ ಮಾಡಿದ್ದಳು. "ಅವ್ವ, ಅಪ್ಪಾಜಿ ಹರಿಹರಕ್ಕೆ ಬಂದಿದ್ರೇನು? ಹೊಳಿ ದಂಡಿ ಮಠದ ಮುಂದೆ ನಿಂತಿದ್ದನ್ನ ನಮ್ಮನೆಯವರು ನೋಡಿದ್ರಂತೆ. ಮನಿಗೆ ಬರಲೇ ಇಲ್ಲ." ನನಗೆ ಯಾರ್ಡಿಗೆ ಹೋಗುತ್ತೇನೆಂದು ಹೇಳಿ ಹೋಗಿದ್ದರು.

ನಾನೊಮ್ಮೆ ಹರಿಹರಕ್ಕೆ ಹೋಗಿ ಬರಲೇ ಎಂದು ಇವರನ್ನು ಕೇಳಿದೆ. "ಶ್ರಾವಣ ಮುಗೀಲಿ" ಎಂದರು. ಆಗಲಿ ಎಂದೆ. ಹರಿಹರ ಏನು ಕಾಶಿಯೇ, ಬಸ್ಸು ಹತ್ತಿ ಕಾಲು ಚಾಚುವುದರೊಳಗೆ ಬರುತ್ತದೆ. ಆದರೂ ನಾನು ಒಬ್ಬಳೇ ಹೋದವಳಲ್ಲ. ಇಂದು ಅವಳೇ ಬಂದಳು.

ಅಡುಗೆಮನೆಯಲ್ಲಿ ಕೂತು ಅವಳಿಗೆ ಎಲ್ಲ ಹೇಳಿದೆ. ಕೇಳಿ ಬಿಳಿಚಿಕೊಂಡಳು. ಆಮೇಲೆ ನನ್ನ ಕೈ ಹಿಡಿದು, "ನೀನು ಬಾಯಿ ಬಿಡಬ್ಯಾಡ ಅವ್ವ" ಎಂದಳು. "ನೀನು ಹೇಳಿ, ಅವರು ಕೊಯ್ದು, ಏನಾರ ಹೆಚ್ಚುಕಮ್ಮಿ ಆದ್ರೆ ಜೀವ ಇರೋತನಕ ಅದು ನಿನ್ನ ತಲಿ ಮೇಲೆ."

"ಹೇಳದೆ ಲಕ್ವ ಹೊಡೆದ್ರೆ?"

"ಅದು ಹಣೆಬರಹ ಅಂತಾರೆ. ನಿನ್ನ ಯಾರೂ ಏನೂ ಅನ್ನಲ್ಲ."

ಅವಳು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೂ ಮೈ ಉರಿಯಿತು. ಜನ ನನ್ನನ್ನು ಏನೂ ಅನ್ನದಿದ್ದರೆ ಇವರ ಕೈ ಏಳುತ್ತದೆಯೇ? ಅಳಿಯನಿಗೆ ಚಟ್ನಿಪುಡಿ ಕಟ್ಟಿ ಕೊಟ್ಟು ಕಳಿಸಿದೆ.

ಸೋಮವಾರ, 27 ಜುಲೈ

ಶ್ರಾವಣ ಶುರುವಾದಾಗಿನಿಂದ ಇವರು ಹಗಲೆಲ್ಲ ಉಪವಾಸ. ಯಾವಾಗಲೂ ಸೋಮವಾರ ಮಾತ್ರ ಮಾಡುತ್ತಿದ್ದರು, ಈ ಸಲ ದಿನವೂ. ಇಂದು ಇವರ ಅಂಗಿ ಒಗೆಯಲು ತೆಗೆದಾಗ ಕಿಸೆಯಲ್ಲಿ ಗುಳಿಗೆಯ ಪಟ್ಟಿ ಸಿಕ್ಕಿತು. ಒಂದೂ ಒಡೆದಿಲ್ಲ.

"ಖಾಲಿ ಹೊಟ್ಟಿಲಿ ನುಂಗಬ್ಯಾಡ್ರಿ ಅಂತ ಡಾಕ್ಟ್ರೇ ಹೇಳ್ಯಾರಲ್ಲ" ಎಂದರು.

"ಹೊಟ್ಟಿಗೆ ಏನಾರ ತಗಳ್ರಿ ಹಂಗಾದ್ರೆ."

"ವ್ರತ ಐತೆ. ಶ್ರಾವಣ ಮುಗೀಲಿ."

ಯಾವ ವ್ರತ, ಯಾರು ಹೇಳಿದ್ದು ಎಂದು ಕೇಳಿದರೆ ಪೇಪರ್ ಮುಖಕ್ಕೆ ಹಿಡಿದರು. ನನ್ನ ಗಂಡ ಸುಳ್ಳು ಹೇಳುವುದರಲ್ಲಿ ಬಹಳ ದಡ್ಡ. ಯಾರ್ಡಿನಲ್ಲಿ ಇಷ್ಟು ವರ್ಷ ಹೇಗೆ ಬದುಕಿದರೋ.

ಮಂಗಳವಾರ, 28 ಜುಲೈ

ಪಂಚಮಿ. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಕೊಂಡು, ಇವರನ್ನು ಕೇಳದೆ ಒಬ್ಬಳೇ ಹರಿಹರಕ್ಕೆ ಹೋಗಿ ಬಂದೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಆಶಾಳ ಮನೆಗೆ ಉಂಡಿ ಕೊಟ್ಟು, ನೀರೂ ಕುಡಿಯದೆ ಮಠಕ್ಕೆ ಹೋದೆ.

ಅಯ್ಯನವರು ಕಟ್ಟೆಯ ಮೇಲೆ ಕೂತಿದ್ದರು. ಇವರು ಬಂದದ್ದು ಹೌದಂತೆ. "ಪರಿಚಯದವರೊಬ್ಬರ ಲಿಂಗ ಕೈಯಿಂದ ಬಿತ್ತು, ಅವರು ಏನು ಮಾಡಬೇಕು" ಎಂದು ಕೇಳಿದರಂತೆ.

"ಆ ಪರಿಚಯದವರು ಇವರೇ ರೀ" ಎಂದೆ.

"ಗೊತ್ತಾತು ತಾಯಿ. ಪರಿಚಯದವರ ಸಲುವಾಗಿ ಯಾರೂ ಹಂಗೆ ಬೆವರಲ್ಲ. ಅವರನ್ನೇ ಕರ್ಕಂಡು ಬರ್ರಿ ಅಂದೆ. ಎದ್ದು ಹೋದ್ರು. ಉಪವಾಸ ಗಿಪವಾಸ ನಾ ಹೇಳಿಲ್ಲ."

ಡಾಕ್ಟರು ಹೇಳಿದ್ದನ್ನೆಲ್ಲ ಅವರ ಮುಂದೆ ಇಟ್ಟೆ. ನಾನು ಬಾಯಿ ಬಿಡಬಹುದೇ ಎಂದು ಕೇಳಿದೆ. ಅಯ್ಯನವರು ಹೊಳೆಯ ಕಡೆ ನೋಡಿದರು. ನೀರು ಮೆಟ್ಟಿಲು ಏರಿತ್ತು, ಕೆಂಪಗಿತ್ತು.

"ನಾ ಹೂಂ ಅಂದು, ಅಲ್ಲಿ ಕೆಟ್ಟದ್ದಾದ್ರೆ ನನ್ನ ಬೈತಿ. ಬ್ಯಾಡ ಅಂದು ಇಲ್ಲಿ ಕೆಟ್ಟದ್ದಾದ್ರೂ ನನ್ನ ಬೈತಿ. ಬಿದ್ದದ್ದನ್ನ ಕಂಡಾಕಿ ನೀನು" ಎಂದು ವಿಭೂತಿ ಕೊಟ್ಟು ಒಳಗೆ ಹೋದರು.

ಬಸ್ಸಿನಲ್ಲಿ ನಿಂತು ಬರುವಾಗ ಅವರ ಮೇಲೆ ಸಿಟ್ಟು ಬಂತು. ಒಂದು ಹೂಂ ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು. ಎಲ್ಲರೂ ಕೈ ತೊಳೆದುಕೊಳ್ಳುವವರೇ.

ಗುರುವಾರ, 30 ಜುಲೈ

ಮನೆಯ ಫೋನು ಪಡಸಾಲೆಯಲ್ಲಿದೆ, ಇವರು ಅದರ ಪಕ್ಕದಲ್ಲೇ ಕೂತಿರುತ್ತಾರೆ. ಕೊತ್ತಂಬರಿ ತರುತ್ತೇನೆಂದು ಹೇಳಿ ಎಸ್.ಟಿ.ಡಿ. ಬೂತಿಗೆ ಹೋದೆ. ಗಾಜಿನ ಬಾಗಿಲು ಹಾಕಿಕೊಂಡರೂ ಊರೆಲ್ಲ ಕೇಳುತ್ತಿದೆ ಅನ್ನಿಸಿತು.

"ಯಾರ ವಿಷಯ ಅಮ್ಮಾ?" ಎಂದರು ಡಾಕ್ಟರು.

"ನಮ್ಮ ಯಜಮಾನ್ರದು. ದಲಾಲಿ ಅಂಗಡಿ. ಕುತ್ತಿಗಿ ನಾಳ ಕಟ್ಟಿದ್ದು" ಎಂದೆ. "ಅವತ್ತು ನೀವು ಕೇಳಿದ್ದಕ್ಕೆ ಏನೂ ಇಲ್ಲ ಅಂದಿದ್ರು. ಆದ್ರೆ ಅದಕ್ಕಿಂತ ಮುಂಚೆನೇ ಆಗಿತ್ತು. ನಾ ಕಣ್ಣಾರ ಕಂಡೀನಿ."

ಯಾವ ಕೈ, ಎಷ್ಟು ಹೊತ್ತು, ಬಾಯಿ ವಾರೆಯಾಗಿತ್ತೇ, ಮಾತು ಹೇಗಿತ್ತು ಎಂದು ಒಂದೊಂದಾಗಿ ಕೇಳಿದರು. ಎಷ್ಟು ಹೊತ್ತು ಎಂದದ್ದಕ್ಕೆ ಗಡಿಯಾರ ಯಾರು ನೋಡಿದ್ದರು? ಒಲೆಯ ಮೇಲೆ ಇಟ್ಟ ತಣ್ಣನೆಯ ಹಾಲು ಉಕ್ಕುವಷ್ಟು ಹೊತ್ತು ಎಂದೆ. ಎಷ್ಟು ಹಾಲು ಎಂದು ಕೇಳಿದರು. ಎರಡು ಲೀಟರು ಎಂದೆ.

"ನಾನೇ ಫೋನ್ ಮಾಡಿ ನಾಳೆ ಬಿಪಿ ನೋಡಬೇಕು ಅಂತ ಕರೀತೀನಿ. ನೀವೂ ಬರ್ರಿ" ಎಂದರು.

ಮನೆಗೆ ಬಂದ ಮೇಲೆ ನೆನಪಾಯಿತು, ಕೊತ್ತಂಬರಿ ತಂದಿರಲಿಲ್ಲ.

ಶುಕ್ರವಾರ, 31 ಜುಲೈ

ಹೇಳಿಬಿಟ್ಟೆ.

ಡಾಕ್ಟರು ಮೊದಲು ಇವರನ್ನೇ ಕೇಳಿದರು. "ಎಡಗೈ ಯಾವತ್ತಾರ ಸ್ವಾಧೀನ ತಪ್ಪಿತ್ತೇನ್ರಿ? ಇನ್ನೊಂದು ಸಾರಿ ನೆನಪು ಮಾಡಿಕೊಳ್ರಿ." ಇವರು ಇಲ್ಲ ಎಂದರು. ಡಾಕ್ಟರು ನನ್ನ ಕಡೆ ನೋಡಲಿಲ್ಲ, ನನ್ನ ಹೆಸರೂ ಎತ್ತಲಿಲ್ಲ. ನಾನು ಸುಮ್ಮನೆ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ತಪ್ಪಿತ್ತು" ಎಂದೆ. "ಪೂಜೆ ಮಾಡುವಾಗ ಲಿಂಗ ಕೈಯಿಂದ ಬಿತ್ತು. ಹಾಲು ಉಕ್ಕೋತನಕ ಕೈ ಏಳಲಿಲ್ಲ."

ಇವರು ನನ್ನನ್ನು ನೋಡಿದ ನೋಟ ಬರೆಯಲು ಬರುವುದಿಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಬಜಾರಿನಲ್ಲಿ ಪಂಚೆ ಕಳಚಿ ಬಿದ್ದವರ ಹಾಗೆ ನೋಡಿದರು. ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನಾನು ಹೊರಗೆ ಬರುವುದರೊಳಗೆ ಆಟೋ ಹೋಗಿಬಿಟ್ಟಿತ್ತು.

"ಅವರು ಒಪ್ಪದೆ ನಾನೇನೂ ಮಾಡಂಗಿಲ್ಲ ಅಮ್ಮಾ" ಎಂದರು ಡಾಕ್ಟರು. "ಗುಳಿಗೆ ಮಾತ್ರ ತಪ್ಪಬಾರದು. ಮತ್ತೇನಾರ ಆದ್ರೆ ಎಂಥಾ ಹೊತ್ತಿದ್ರೂ ಕರ್ಕಂಡು ಬರ್ರಿ."

ಶನಿವಾರ, 1 ಆಗಸ್ಟ್

ಮಾತಿಲ್ಲ. ನಾನು ಕೊಟ್ಟ ನೀರು ಮುಟ್ಟದೆ ತಾವೇ ಕೊಡದಿಂದ ತುಂಬಿಕೊಂಡರು.

ಸೋಮವಾರ, 3 ಆಗಸ್ಟ್

ಮಾತಿಲ್ಲ. ಗುಳಿಗೆ ತಟ್ಟೆಯ ಪಕ್ಕದಲ್ಲಿಟ್ಟರೆ ಬೆರಳಿನಿಂದ ಆಚೆ ಸರಿಸುತ್ತಾರೆ. ಸಂಜೆ ಅದನ್ನು ಪುಡಿ ಮಾಡಿ ಮಜ್ಜಿಗೆಗೆ ಹಾಕಿದೆ. ಆಮೇಲೆ ಮಜ್ಜಿಗೆ ಚೆಲ್ಲಿದೆ. ಈ ಮನೆಯಲ್ಲಿ ಒಬ್ಬರು ಕದ್ದು ಮಾಡುತ್ತಿರುವುದೇ ಸಾಕು.

ಬುಧವಾರ, 5 ಆಗಸ್ಟ್

ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದೆ. ಒಳಗೆ ನಮಃ ಶಿವಾಯ, ನಮಃ ಶಿವಾಯ ಎಂದು ನಡೆದಿತ್ತು. ನಡುವೆ ನಿಂತುಹೋಯಿತು.

ಕಾದೆ. ಮತ್ತೆ ಶುರುವಾಗಲಿಲ್ಲ.

"ಚಿಲಕ ತೆಗೀರಿ" ಎಂದೆ. ಬಾಗಿಲು ಬಡಿದೆ, ಕೈ ನೋಯುವಂತೆ ಬಡಿದೆ. "ತೆಗೀದಿದ್ರೆ ಎದುರು ಮನಿ ಕೆಲಸಕ್ಕೆ ಬಂದಿರೋ ಬಡಗಿ ಜಮಾಲುದ್ದೀನನ್ನ ಕರ್ದು ಬಾಗಿಲು ಒಡಸ್ತೀನಿ. ಊರೆಲ್ಲಾ ನೋಡ್ಲಿ."

ಚಿಲಕ ಸರಿದ ಸದ್ದಾಯಿತು. ಲಿಂಗವನ್ನು ಬಲಗೈಯಲ್ಲಿ ಎದೆಗೆ ಒತ್ತಿಕೊಂಡು ನಿಂತಿದ್ದರು. ಬಿದ್ದಿರಲಿಲ್ಲ. ಬಾಯಿ ನೋಡಿದೆ, ವಾರೆಯಾಗಿರಲಿಲ್ಲ. ಕಣ್ಣಲ್ಲಿ ಮಾತ್ರ ನೀರು.

"ಬಲಗಣ್ಣಿಗೆ ಮ್ಯಾಲಿಂದ ಪರದೆ ಇಳದಂಗಾತು. ಎಡಗಣ್ಣು ಮುಚ್ಚಿ ನೋಡಿದೆ. ಕೈಯಾಗೇ ಐತೆ ಲಿಂಗ, ಕಾಣವಲ್ದು. ನನಗ ಮುಖ ತೋರಿಸಲ್ಲ ಅಂತು ಅದು."

ಐದು ದಿನದ ಮೇಲೆ ಆಡಿದ ಮೊದಲ ಮಾತು. ತೋಳು ಹಿಡಿದು ಕೂಡ್ರಿಸಿದೆ. ಅವರ ತಲೆ ನನ್ನ ಹೊಟ್ಟೆಗೆ ಒರಗಿತು, ಮಗುವಿನ ಹಾಗೆ ಬಿಕ್ಕಿದರು. "ಅದು ತೋರಿಸ್ತೈತೆ. ನಿಮ್ಮ ನಾಳ ಬಿಡವಲ್ದು" ಎಂದೆ. ಸ್ವಲ್ಪ ಹೊತ್ತಿಗೆ ಕಣ್ಣು ಮತ್ತೆ ಕಾಣತೊಡಗಿತು. ಒಂದು ಬಾಳೆಹಣ್ಣು ಸುಲಿದು ಬಾಯಿಗಿಟ್ಟು, ಮೇಲೆ ಗುಳಿಗೆ ಕೊಟ್ಟೆ. ನುಂಗಿದರು. ಹಾಗೆಯೇ ಆಟೋ ಹತ್ತಿಸಿದೆ.

ಡಾಕ್ಟರ ಮುಂದೆ ಇವರು ಎಲ್ಲ ಒಪ್ಪಿಕೊಂಡರು. ಒಪ್ಪಿಕೊಂಡ ಕೂಡಲೇ ಇವರೊಳಗಿನ ದಲಾಲಿ ಎದ್ದು ಕೂತ.

"ಮೇಜಿನ ಮ್ಯಾಲೆ ಕೆಡೋ ಆ ಐದಾರು ಜನ ಯಾರು?"

"ಅದು ಗೊತ್ತಿದ್ರೆ ಅವರನ್ನ ಬಿಟ್ಟು ಉಳಿದವರಿಗೆ ಮಾಡ್ತಿದ್ವಿ ಯಜಮಾನ್ರೇ."

"ಇಪ್ಪತ್ತಾರು ಜನ?"

"ಅವರೂ ಗೊತ್ತಿಲ್ಲ. ಆದ್ರೆ ಎರಡು ಸಾರಿ ಸೂಚನೆ, ನಾಳ ಇಷ್ಟು ಕಟ್ಟೈತೆ, ಬಿಪಿ, ಸಕ್ಕರೆ, ಅದ್ರ ಮೇಲೆ ಸಿಗರೇಟು. ನೀವು ಆ ಕಡೆಗೇ ಸರೀತಾ ಇದ್ದೀರಿ."

"ಇದು ಯಾವ ದೇಶದ ಲೆಕ್ಕ?"

"ಅಮೆರಿಕ, ಕೆನಡಾದ್ದು."

"ಅಲ್ಲಿ ಮಾದರಿ ನೋಡಿ ಇಲ್ಲಿ ಚೀಲ ಕೊಳ್ಳಂಗಿಲ್ಲ. ಬೆಂಗಳೂರಿನವರ ಕೈ ಹೆಂಗೈತೆ, ಅದು ಹೇಳ್ರಿ."

ಡಾಕ್ಟರಿಗೆ ನಗು ಬಂತು. ಸರಿಯಾದ ಪ್ರಶ್ನೆ, ಬಹಳ ಜನ ಕೇಳುವುದಿಲ್ಲ ಎಂದರು. ಅಲ್ಲಿಂದಲೇ ಬೆಂಗಳೂರಿನ ಸರ್ಜನ್‌ಗೆ ಫೋನ್ ಮಾಡಿ ಕೇಳಿದರು. ಆ ಸರ್ಜನ್ ಇಂಥವು ನಲವತ್ತಕ್ಕೂ ಮೇಲೆ ಮಾಡಿದ್ದಾರಂತೆ. ಇಬ್ಬರಿಗೆ ಕೆಟ್ಟಿತು, ಅವರಲ್ಲಿ ಒಬ್ಬರು ಉಳಿಯಲಿಲ್ಲ ಎಂದು ಅವರೇ ಮುಚ್ಚುಮರೆಯಿಲ್ಲದೆ ಹೇಳಿದರಂತೆ. ಇಲ್ಲಿ ಹೃದಯದ ಪರೀಕ್ಷೆ ಮಾಡಿದರು, ಅದು ಗಟ್ಟಿಯಿತ್ತು. ಹೃದಯ ಸೋತಿದ್ದರೆ ಲೆಕ್ಕ ಮತ್ತೆ ತಿರುಗುತ್ತಿತ್ತಂತೆ.

ಇವರು ಗಲ್ಲ ತುರಿಸಿಕೊಂಡರು. "ಕೆಟ್ಟದ್ದನ್ನ ತಾನೇ ಹೇಳೋ ಮನುಷ್ಯ ನಂಬಾಕೆ ಅಡ್ಡಿಯಿಲ್ಲ. ಆಗ್ಲಿ. ಶ್ರಾವಣ ಮುಗೀಲಿ, ನೋಡಾನ."

"ಶ್ರಾವಣ ಮುಗಿಯೋದು ಬ್ಯಾಡ" ಎಂದೆ. "ಸೋಮವಾರ ಹೊರಡ್ತೀವಿ ಅಂತ ಅವರಿಗೆ ತಿಳಿಸಿಬಿಡ್ರಿ ಡಾಕ್ಟ್ರೇ."

ಡಾಕ್ಟರು ಇವರ ಮುಖ ನೋಡಿದರು. ಇವರು ನನ್ನ ಮುಖ ನೋಡಿದರು. ಅಷ್ಟೇ.

ಗುರುವಾರ, 13 ಆಗಸ್ಟ್, ಬೆಂಗಳೂರು

ನಿನ್ನೆ ಆಯಿತು. ನಿನ್ನೆ ಬರೆಯಲು ಕೈ ಖಾಲಿ ಇರಲಿಲ್ಲ.

ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸು ಕೊರಳಿನದೆಲ್ಲ ತೆಗೆಯಬೇಕು ಎಂದಳು. ಕೊಯ್ಯುವುದೇ ಕೊರಳು, ಶಿವದಾರ ಹೇಗೆ ಇರುತ್ತದೆ? ಇದೊಂದನ್ನು ನಾವು ಯಾರೂ ಯೋಚಿಸಿಯೇ ಇರಲಿಲ್ಲ. ಇವರು ಎರಡೂ ಕೈಯಲ್ಲಿ ಎದೆ ಮುಚ್ಚಿಕೊಂಡು ಮನೆಗೆ ಹೋಗೋಣ ಎಂದರು. ಅಳಿಯ ಬಕ್ಕೇಶ್ ರಟ್ಟೆಗೆ ಕಟ್ಟಲು ಕೇಳಿದ, ಆಸ್ಪತ್ರೆಯವರು ಒಪ್ಪಲಿಲ್ಲ.

ನಾನು ಎಡಗೈ ಚಾಚಿದೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಹಿಡಿಯುವ ಪದ್ಧತಿ ನಮ್ಮಲ್ಲಿಲ್ಲ, ಅದು ನನಗೆ ಗೊತ್ತಿಲ್ಲದ್ದಲ್ಲ.

"ಕೊಡ್ರಿ ಇಲ್ಲಿ. ನೀವು ಬಂದು ಕೇಳೋತನಕ ಈ ಕೈ ಬಿಚ್ಚಲ್ಲ."

ಕೊಟ್ಟರು. ಗಾಲಿ ಮಂಚ ಒಳಗೆ ಹೋಯಿತು.

ಬೆಂಚಿನ ಮೇಲೆ ಕೂತೆ. ಆಶಾ ಕಾಫಿ ತಂದಳು, ಬಲಗೈಯಲ್ಲಿ ಕುಡಿದೆ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತೆ. ನಲವತ್ತು ಜನ ಎದ್ದು ನಡೆದು ಮನೆಗೆ ಹೋಗಿರುವುದು ನನಗೆ ನೆನಪಿಗೇ ಬರಲಿಲ್ಲ, ಆ ಇಬ್ಬರೇ ಕಣ್ಣಮುಂದೆ ಕೂತರು. ಅವರ ಹೆಂಡಂದಿರೂ ಇದೇ ಬೆಂಚಿನ ಮೇಲೆ ಕೂತಿದ್ದಿರಬೇಕು. ಅವರೂ ತಾವೇ ಹೇಳಿ ಕರೆತಂದಿದ್ದರೋ ಏನೋ. ಕೈ ಜೋಮು ಹಿಡಿಯಿತು, ಆಮೇಲೆ ಬೆರಳು ಇರುವುದೇ ಗೊತ್ತಾಗಲಿಲ್ಲ. ಅವತ್ತು ಇವರಿಗೂ ಹೀಗೇ ಆಗಿರಬೇಕು ಎಂದುಕೊಂಡು ಇನ್ನೂ ಗಟ್ಟಿ ಹಿಡಿದೆ.

ಕೊನೆಗೆ ಒಳಗೆ ಕರೆದರು. ಇವರು ಕಣ್ಣು ಮುಚ್ಚಿ ಮಲಗಿದ್ದರು, ಕುತ್ತಿಗೆಗೆ ದಪ್ಪ ಪಟ್ಟಿ. ಸರ್ಜನ್ ಬಗ್ಗಿ, "ಎಡಗೈ ಎತ್ತಿ ಯಜಮಾನ್ರೇ" ಎಂದರು. ಕೈ ಅಲ್ಲಾಡಲಿಲ್ಲ. ಇನ್ನೊಮ್ಮೆ ಎಂದರು. ಇಲ್ಲ. ಮಂಪರು ಇಳಿದಿಲ್ಲವೋ ಬೇರೆ ಏನೋ ಗೊತ್ತಾಗಬೇಕು, ನೀವು ಕರೆಯಿರಿ ಎಂದರು ನನಗೆ.

"ರೀ" ಎಂದೆ. "ರೀ, ಕೇಳ್ತೈತೇನು?"

ನರ್ಸು ರೇಗಿದಳು. "ಇಲ್ಲಿ ಮಲಗಿರೋರೆಲ್ಲಾ ರೀಗಳೇ ಅಮ್ಮಾ. ಹೆಸರು ಹಿಡಿದು ಜೋರಾಗಿ ಕೂಗಿ."

"ವಾಮದೇವಪ್ಪಾ" ಎಂದು ಕೂಗಿದೆ. "ವಾಮದೇವಪ್ಪಾ, ಏಳ್ರಿ. ನನ್ನ ಕೈ ಸೋತು ಬಿದ್ದು ಹೋಗ್ತೈತೆ. ನಿಮ್ಮದನ್ನ ನೀವು ತಗಳ್ರಿ."

ರೆಪ್ಪೆ ಬಿಚ್ಚಿತು. ತುಟಿ ನೆಟ್ಟಗೆ ಆಡಿತು. "ಊರಿಗೆಲ್ಲಾ ಕೇಳಂಗೆ ಗಂಡನ ಹೆಸರು ಕೂಗ್ತಾಳೆ" ಎಂದರು, ಒಂದು ಅಕ್ಷರವೂ ತೊದಲದೆ. ಆಮೇಲೆ ಎಡಗೈ ಹಾಸಿಗೆಯಿಂದ ಮೇಲೆ ಬಂತು, ಪೂಜೆಗೆ ಕೂತಾಗ ಹಿಡಿಯುವ ಹಾಗೆಯೇ ಅಂಗೈ ಮೇಲಾಗಿ. ನನ್ನ ಬೆರಳು ನನಗೇ ಬಿಚ್ಚಲಾಗಲಿಲ್ಲ, ಆಶಾ ಒಂದೊಂದಾಗಿ ಬಿಡಿಸಿದಳು. ಲಿಂಗ ಅವರ ಕೈಗೆ ಇಟ್ಟೆ. ಬೆರಳುಗಳು ಅದರ ಸುತ್ತ ಮುಚ್ಚಿಕೊಂಡವು.

ಸೋಮವಾರ, 31 ಆಗಸ್ಟ್, ದಾವಣಗೆರೆ

ಕುತ್ತಿಗೆಯ ಹೊಲಿಗೆ ಒಣಗಿದೆ. ಸಿಗರೇಟು ಇಲ್ಲದೆ ಎಲ್ಲರ ಮೇಲೂ ಹರಿಹಾಯುತ್ತಾರೆ. ಹಾಯಲಿ. ನಿನ್ನೆ ಹರಿಹರಕ್ಕೆ ಕರೆದುಕೊಂಡು ಹೋಗಿದ್ದೆ. ಅಯ್ಯನವರ ಮುಂದೆ ಕೂತು, "ಪರಿಚಯದವರು ಅಂದಿದ್ನಲ್ಲ, ಅದು ನಾನೇ" ಎಂದರು. ಅಯ್ಯನವರು ನನ್ನ ಕಡೆ ನೋಡದೆ, "ಹೌದೇನು" ಎಂದು ಬೆರಗಾದವರ ಹಾಗೆ ಕೇಳಿದರು.

ಇಂದು ಇವರು ಮತ್ತೆ ಪೂಜೆಗೆ ಕೂತರು. ಚಿಲಕ ಹಾಕಲಿಲ್ಲ. ನಾನು ಒಲೆಯ ಮೇಲೆ ಹಾಲು ಇಟ್ಟು ಬಾಗಿಲಲ್ಲಿ ನಿಂತೆ. "ಕದ್ದು ಯಾಕ ನೋಡ್ತಿ, ಒಳಗ ಬಂದು ಕೂಡ್ರು" ಎಂದರು.

ಹೋಗಿ ಎದುರಿಗೆ ಕೂತೆ. ಎಡಗೈ ಕಣ್ಣಿನ ಮಟ್ಟಕ್ಕೆ ಏರಿ ನಿಂತಿತು. ಹಿಂದೆ ಹಾಲು ಉಕ್ಕುವ ಸದ್ದು ಬಂತು, ಒಲೆಯ ಮೇಲೆ ಚೆಲ್ಲಿ ಸುಟ್ಟ ವಾಸನೆ ಬಂತು. ನಾನು ಏಳಲಿಲ್ಲ.